ಪದ ಪರಿಚಯ: ಚಾನಲ್ ಅಸಮತೋಲನ

ತೋಲನ ಎಂದರೆ ತೂಗುವುದು. ತಕ್ಕಡಿಯ ಎರಡು ತಟ್ಟೆಗಳೂ ಒಂದೇ ಮಟ್ಟಕ್ಕೆ ಬಂದು ನಿಂತರೆ ಅದು ಸಮತೋಲನ. ಫೋನಿಗೂ ಹೆಡ್‌ಫೋನಿಗೂ ನಡುವೆ ಇಟ್ಟು ಸಂಕೇತವನ್ನು ಬಲಪಡಿಸುವ ಹೆಡ್‌ಫೋನ್ ಆಂಪ್ಲಿಫೈಯರ್‌ನ ಎಡ ಮತ್ತು ಬಲ ಚಾನಲ್‌ಗಳಿಗೆ ಒಂದೇ ಮಟ್ಟದ ಸಂಕೇತವನ್ನು ಕೊಟ್ಟರೂ ಹೊರಬರುವ ಸಂಕೇತಗಳ ಮಟ್ಟ ಬೇರೆಬೇರೆಯಾಗಿದ್ದರೆ ಅದನ್ನು ಚಾನಲ್ ಅಸಮತೋಲನ ಎನ್ನುತ್ತಾರೆ. ಅಳತೆ ಡೆಸಿಬೆಲ್‌ನಲ್ಲಿ. ಒಂದು ಬದಿಯ ವೋಲ್ಟೇಜ್ ಇನ್ನೊಂದಕ್ಕಿಂತ ಸುಮಾರು ಶೇ. 12ರಷ್ಟು ಹೆಚ್ಚಿದ್ದರೆ 1 ಡೆಸಿಬೆಲ್, ಶೇ. 41ರಷ್ಟು ಹೆಚ್ಚಿದ್ದರೆ 3 ಡೆಸಿಬೆಲ್, ಎರಡರಷ್ಟಿದ್ದರೆ 6 ಡೆಸಿಬೆಲ್. ಅಂತರವು 1 ಡೆಸಿಬೆಲ್ ಆಸುಪಾಸಿಗೆ ಬಂದಾಗಲೇ ಹಾಡುವವರ ದನಿ ತಲೆಯ ನಡುವಿನಿಂದ ಒಂದು ಕಿವಿಯತ್ತ ವಾಲಿದಂತೆ ಅನ್ನಿಸತೊಡಗುತ್ತದೆ.

ಕೆಲವು ಆಂಪ್ಲಿಫೈಯರ್‌ಗಳಲ್ಲಿ ಹೆಡ್‌ಫೋನ್ ಸಿಕ್ಕಿಸಲು ಇರುವ 4.4 ಮಿಲಿಮೀಟರ್ ಜಾಕ್‌ನ 'ಬ್ಯಾಲೆನ್ಸ್ಡ್ ಔಟ್‌ಪುಟ್' ಎಂಬ ಮಾತಿಗೂ ಇದಕ್ಕೂ ಸಂಬಂಧವಿಲ್ಲ. ಅದು ತಂತಿ ಜೋಡಣೆಯ ವಿಧಾನ. ಅದನ್ನು ಕೊಂಡರೆ ಎಡ-ಬಲದ ದೋಷ ಹೋಗುತ್ತದೆಂದು ನಂಬಿ ಹಣ ಕಳೆದುಕೊಂಡವರನ್ನು ಕಂಡಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಮೂಡಿಗೆರೆ ಕಡೆಯ ನಮ್ಮ ಮನೆಯಲ್ಲಿ ರಾತ್ರಿ ಮಳೆ ನಿಂತ ಮೇಲೆ ಜೀರುಂಡೆಯ ಸದ್ದು ಬಿಟ್ಟರೆ ಬೇರೇನೂ ಇರುವುದಿಲ್ಲ. ಅಷ್ಟು ನಿಶ್ಶಬ್ದದಲ್ಲಿ ಸಂಗೀತ ಕೇಳಲು ವಾಲ್ಯೂಮ್ ನಾಬನ್ನು ಕೂದಲೆಳೆಯಷ್ಟು ತಿರುಗಿಸಿದರೆ ಸಾಕು, ಮತ್ತು ಈ ದೋಷ ಅತಿ ಹೆಚ್ಚಾಗಿ ಕಾಣಿಸಿಕೊಳ್ಳುವುದೂ ಅಲ್ಲಿಯೇ. ಹಾಸನದ ಬಸ್ಸಿನಲ್ಲಿ ಅದೇ ಆಂಪ್ಲಿಫೈಯರನ್ನು ಜೋರಾಗಿ ಇಟ್ಟುಕೊಂಡು ಕೇಳಿದಾಗ ದನಿ ನಡುವೆಯೇ ಇರುತ್ತಿತ್ತು. ಮನೆಗೆ ಬಂದು ಮೆಲ್ಲಗೆ ಕೇಳಿದರೆ ಎಡಕ್ಕೆ ಸರಿಯುತ್ತಿತ್ತು.

ಕಾರಣ ನಾಬ್‌ನ ಒಳಗಿದೆ. ಅಲ್ಲಿನ ಪೊಟೆನ್ಷಿಯೋಮೀಟರ್‌ನಲ್ಲಿ ಒಂದೇ ಕಡ್ಡಿಗೆ ಎರಡು ಕಾರ್ಬನ್ ಪಟ್ಟಿಗಳು ಜೋಡಿಯಾಗಿರುತ್ತವೆ, ಎಡಕ್ಕೊಂದು ಬಲಕ್ಕೊಂದು. ಪ್ರತಿಯೊಂದರ ಮೇಲೂ ಲೋಹದ ನಾಲಿಗೆಯೊಂದು ಸರಿಯುತ್ತದೆ. ಕಿವಿಗೆ ಸದ್ದು ಹದವಾಗಿ ಏರಿದಂತೆ ಕೇಳಿಸಬೇಕಾದರೆ ಪಟ್ಟಿಯ ಆರಂಭದಲ್ಲಿ ರೋಧ ಅತಿ ಕಡಿಮೆಯಿರಬೇಕು. 10,000 ಓಮ್‌ನ ಪೊಟೆನ್ಷಿಯೋಮೀಟರ್ ಸದ್ದನ್ನು 50 ಡೆಸಿಬೆಲ್ ತಗ್ಗಿಸಿದಾಗ ನಾಲಿಗೆಯ ಕೆಳಗೆ ಉಳಿಯುವುದು ಸುಮಾರು 30 ಓಮ್ ಮಾತ್ರ. ಒಂದು ಪಟ್ಟಿಯಲ್ಲಿ 30, ಇನ್ನೊಂದರಲ್ಲಿ 40 ಓಮ್ ಇದ್ದರೆ ಅಂತರ 2.5 ಡೆಸಿಬೆಲ್ ಆಯಿತು. ಅದೇ 10 ಓಮ್ ವ್ಯತ್ಯಾಸ 5,000 ಓಮ್‌ನ ಜಾಗದಲ್ಲಿದ್ದರೆ 0.02 ಡೆಸಿಬೆಲ್ಲೂ ಆಗದು. ಕಾರ್ಬನ್ ಬಳಿಯುವಾಗ ಇಷ್ಟು ಸಣ್ಣ ವ್ಯತ್ಯಾಸವನ್ನು ತಪ್ಪಿಸುವುದು ಕಷ್ಟ. ಅಗ್ಗದ ಬಿಡಿಭಾಗವಾದರೆ ಇನ್ನೂ ಕಷ್ಟ.

ಆದರೂ ಮೊದಲೇ ನಾಬನ್ನು ದೂರಬಾರದು. ಇಯರ್‌ಫೋನ್‌ನ ಎಡ-ಬಲಗಳನ್ನು ಅದಲುಬದಲು ಮಾಡಿ ಹಾಕಿಕೊಳ್ಳಬೇಕು. ದನಿ ಮೊದಲಿನ ಕಿವಿಯತ್ತಲೇ ವಾಲಿದರೆ ಕಾರಣ ಕಿವಿಯಲ್ಲಿಯೇ ಇದೆ. ಇನ್ನೊಂದು ಕಿವಿಗೆ ಹೋದರೆ ಉಪಕರಣದಲ್ಲಿದೆ. ಇಯರ್‌ಫೋನನ್ನು ನೇರವಾಗಿ ಫೋನಿಗೆ ಸಿಕ್ಕಿಸಿದಾಗಲೂ ವಾಲಿದರೆ ಅದರ ಜಾಲರಿಯಲ್ಲಿ ಗುಗ್ಗೆ ಕಟ್ಟಿರಬಹುದು. ಪ್ಲಗ್ ಹೊರಳಿಸಿದಾಗ ಸದ್ದು ಬಂದುಹೋಗುತ್ತಿದ್ದರೆ ತಪ್ಪು ಜಾಕ್‌ನದು. ಮಲೆನಾಡಿನ ತೇವದಲ್ಲಿ ಲೋಹದ ಸಂಪರ್ಕಗಳು ಬೇಗ ಮಂಕಾಗುತ್ತವೆ. ಎಲ್ಲ ಮಟ್ಟದಲ್ಲೂ ಅಂತರ ಒಂದೇ ಸಮನಾಗಿದ್ದರೆ ಬೆಸುಗೆಯನ್ನೋ ರೆಸಿಸ್ಟರನ್ನೋ ಅನುಮಾನಿಸಬೇಕು. ನಾಬ್ ಏರಿಸಿದಂತೆ ಅಂತರ ಕರಗಿದರೆ ಮಾತ್ರ ಅದು ಪೊಟೆನ್ಷಿಯೋಮೀಟರ್‌ನ ದೋಷ.

ನಾನು ಎರಡೂ ಚಾನಲ್‌ಗಳಿಗೆ 100 ಹರ್ಟ್ಸ್‌ನ ಶುದ್ಧ ಸ್ವರವನ್ನು ಕೊಟ್ಟು, ಎ.ಸಿ. ಮಿಲಿವೋಲ್ಟ್ ಅಳೆಯಬಲ್ಲ ಮಲ್ಟಿಮೀಟರಿನಲ್ಲಿ ನೋಡಿದೆ. ನಾಬ್‌ನ ಆರಂಭದಲ್ಲಿ ಎಡಕ್ಕೆ 8.2, ಬಲಕ್ಕೆ 6.1 ಮಿಲಿವೋಲ್ಟ್, ಅಂದರೆ 2.6 ಡೆಸಿಬೆಲ್ ಅಂತರ. ನಡುವಿನಲ್ಲಿ 212 ಮತ್ತು 208, ಅಂತರ 0.2 ಡೆಸಿಬೆಲ್‌ನ ಒಳಗೆ.

ಪರಿಹಾರ ಈ ಎರಡು ಅಂಕಿಗಳಲ್ಲೇ ಅಡಗಿದೆ: ನಾಬ್ ಮೇಲಿನ ಭಾಗದಲ್ಲಿ ಕೆಲಸ ಮಾಡುವಂತೆ ನೋಡಿಕೊಳ್ಳಬೇಕು. ಆಂಪ್ಲಿಫೈಯರ್‌ನಲ್ಲಿ ಗೇನ್ ಸ್ವಿಚ್ (ಸಂಕೇತವನ್ನು ಎಷ್ಟು ಪಟ್ಟು ಹಿಗ್ಗಿಸಬೇಕೆಂದು ಆರಿಸುವ ಸ್ವಿಚ್) ಇದ್ದರೆ ಅದನ್ನು ಕೆಳಮಟ್ಟಕ್ಕೆ ಇಡಬೇಕು. ಇಲ್ಲದಿದ್ದರೆ ಫೋನಿನ ಡಿಜಿಟಲ್ ವಾಲ್ಯೂಮನ್ನು 20 ಡೆಸಿಬೆಲ್‌ನಷ್ಟು ಇಳಿಸಿ ನಾಬನ್ನು ಅಷ್ಟೇ ಏರಿಸಬಹುದು. ಸದ್ದಿನ ಮಟ್ಟವನ್ನು 24 ಬಿಟ್‌ನಷ್ಟು ಸೂಕ್ಷ್ಮವಾಗಿ ಗುರುತಿಸುವ ಉಪಕರಣದಲ್ಲಿ ಇದರಿಂದ ಕಿವಿಗೆ ತಿಳಿಯುವಂಥ ನಷ್ಟವಿಲ್ಲ. ಫೋನಿನ ಸೆಟ್ಟಿಂಗ್ಸ್‌ನಲ್ಲಿರುವ ಎಡ-ಬಲ ಬ್ಯಾಲೆನ್ಸ್ ಪಟ್ಟಿಯನ್ನು ಎಳೆಯುವುದು ಸರಿಯಾದ ದಾರಿಯಲ್ಲ, ಏಕೆಂದರೆ ನಾಬ್ ತಿರುಗಿದಂತೆ ಅಂತರವೂ ಬದಲಾಗುತ್ತದೆ. ಒಂದು ಜಾಗಕ್ಕೆ ಸರಿಪಡಿಸಿದ್ದು ಇನ್ನೊಂದು ಜಾಗದಲ್ಲಿ ಹೊಸ ದೋಷವಾಗುತ್ತದೆ.

ನಾಬ್ ತಿರುಗಿಸುವಾಗ ಕರಕರ ಸದ್ದು ಬಂದರೆ, ವಿದ್ಯುತ್ ಆರಿಸಿ, ಪೊಟೆನ್ಷಿಯೋಮೀಟರ್‌ಗೆಂದೇ ತಯಾರಾದ ಕ್ಲೀನರ್ ಒಂದೆರಡು ಹನಿ ಬಿಟ್ಟು, ಇಪ್ಪತ್ತು ಮೂವತ್ತು ಸಲ ಪೂರ್ತಿ ತಿರುಗಿಸಬೇಕು. ಕೊಳೆ ಹೋಗುತ್ತದೆ, ಪಟ್ಟಿಗಳ ಹುಟ್ಟುವ್ಯತ್ಯಾಸ ಹೋಗುವುದಿಲ್ಲ. ಅದಕ್ಕೆ ಬಿಡಿಭಾಗವನ್ನೇ ಬದಲಿಸಬೇಕು, ಅಥವಾ ಚಿಪ್‌ನೊಳಗಿನ ರೆಸಿಸ್ಟರ್ ಏಣಿಯಿಂದ ಮಟ್ಟ ಬದಲಿಸುವ ಡಿಜಿಟಲ್ ನಿಯಂತ್ರಣದ ಆಂಪ್ಲಿಫೈಯರ್ ಕೊಳ್ಳಬೇಕು. ನಾನು ಗೇನ್ ಇಳಿಸಿ, ಫೋನಿನ ಮಟ್ಟವನ್ನೂ ತುಸು ತಗ್ಗಿಸಿದೆ. ಈಗ ರಾತ್ರಿ ಕೇಳುವಾಗ ನಾಬ್ ಹನ್ನೊಂದು ಗಂಟೆಯ ಮುಳ್ಳಿನ ಜಾಗದಲ್ಲಿರುತ್ತದೆ, ದನಿ ನಡುವೆ ನಿಂತಿದೆ.