ಹೆಬ್ಬಾತು ಮರಿಗೆ ಕೋಳಿ ಫೀಡ್ ಸಾಲದು

ಗಂಗಾವತಿ ಹತ್ತಿರ ನಮ್ಮ ಅಕ್ಕನ ಗದ್ದೆ ಇದೆ. ಮನೆ ಕಾವಲಿಗೆ ಅಂತ ಹೋದ ವರ್ಷ ಐದು ಹೆಬ್ಬಾತು ಮರಿ ತಂದಿದ್ದಳು. ಹೊಸಬರು ಬಂದರೆ ಓಣಿಗೆಲ್ಲ ಕೇಳುವ ಹಾಗೆ ಕೂಗುತ್ತವೆ ಅಲ್ವಾ, ಅದಕ್ಕೆ. ಹದಿನೈದು ದಿನ ಕಳೆಯುವಷ್ಟರಲ್ಲಿ ಒಂದು ಮರಿ ಏಳಲೇ ಇಲ್ಲ. ಮಿಕ್ಕವು ಹುಲ್ಲಿನ ಕಡೆ ಓಡಿದರೆ ಇದು ಕಾಲಿನ ಗೆಣ್ಣಿನ ಮೇಲೆ ಕೂತು, ಪುಟ್ಟ ರೆಕ್ಕೆ ನೆಲಕ್ಕೆ ಊರಿ ನೀರಿನ ತಟ್ಟೆಯತ್ತ ತೆವಳುತ್ತಿತ್ತು. ಎತ್ತಿ ನೋಡಿದೆ. ಗೆಣ್ಣು ಊದಿಕೊಂಡಿತ್ತು, ಕಾಲು ಬಿಲ್ಲಿನ ಹಾಗೆ ಬಾಗಿತ್ತು.

"ಯಾರರ ತುಳಿದಾರೇನೋ ತಮ್ಮಾ" ಅಂದಳು ಅಕ್ಕ. ಯಾರೂ ತುಳಿದಿರಲಿಲ್ಲ. ಅದಕ್ಕೆ ಹಾಕುತ್ತಿದ್ದದ್ದು ಕೋಳಿ ಮರಿಯ ಫೀಡ್ ಮತ್ತು ಮೆಕ್ಕೆಜೋಳದ ನುಚ್ಚು. ಎರಡರಲ್ಲೂ ಸಾಲದೆ ಬಂದದ್ದು ನಯಾಸಿನ್, ಅಂದರೆ ಬಿ3 ವಿಟಮಿನ್.

ಪ್ರೋಟೀನಿನಲ್ಲಿ ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲ ಇರುತ್ತದೆ. ಕೋಳಿ ಮರಿ ಅದರಿಂದ ಒಂದಷ್ಟು ನಯಾಸಿನ್ ತಾನೇ ಮಾಡಿಕೊಳ್ಳುತ್ತದೆ. ಬಾತು, ಹೆಬ್ಬಾತುಗಳ ಲಿವರ್‌ನಲ್ಲಿ ಒಂದು ಕಿಣ್ವದ ಕೆಲಸ ಜೋರು. ಅದು ಟ್ರಿಪ್ಟೊಫಾನನ್ನು ಬೇರೆ ದಾರಿಗೆ ಹೊರಳಿಸಿಬಿಡುತ್ತದೆ. ಹಾಗಾಗಿ ಇವಕ್ಕೆ ಬೇಕಾದ ನಯಾಸಿನ್ ಹೆಚ್ಚುಕಮ್ಮಿ ಎಲ್ಲಾ ಮೇವಿನಿಂದಲೇ ಬರಬೇಕು. ಒಂದು ಕಿಲೋ ಫೀಡಿನಲ್ಲಿ ಕೋಳಿ ಮರಿಗೆ 35 ಮಿಲಿಗ್ರಾಂ ಇದ್ದರೆ ಸಾಕು, ಹೆಬ್ಬಾತು ಮರಿಗೆ 65 ಬೇಕು. ಮೊಟ್ಟೆ ಒಡೆದು ಬಂದಾಗ ಸುಮಾರು 100 ಗ್ರಾಂ ಇರುವ ಮರಿ ತಿಂಗಳಲ್ಲಿ ಹತ್ತು ಪಟ್ಟು ದಾಟುತ್ತದೆ. ಆ ಭಾರವನ್ನೆಲ್ಲ ಹೊರಬೇಕಾದದ್ದು ಎರಡು ಎಳೆಯ ಕಾಲು.

ಮೆಕ್ಕೆಜೋಳದಲ್ಲಿ ನಯಾಸಿನ್ ಇಲ್ಲವೆಂದಲ್ಲ. ಅದು ಬೇರೆ ವಸ್ತುವಿಗೆ ಅಂಟಿಕೊಂಡಿರುತ್ತದೆ, ಹೊಟ್ಟೆಯಲ್ಲಿ ಬಿಡಿಸಿಕೊಳ್ಳುವುದಿಲ್ಲ. ಮೆಕ್ಸಿಕೋದ ಜನ ಮೊದಲಿನಿಂದಲೂ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸುತ್ತಾರೆ, ಆಗ ಅದು ಬಿಡುತ್ತದೆ. ಇದೇ ಕೊರತೆಯಿಂದ ಮನುಷ್ಯರಿಗೆ ಬರುವ ಕಾಯಿಲೆ ಪೆಲ್ಲಾಗ್ರ. ನಮ್ಮ ಜೋಳದ ಸೀಮೆಗೂ ಇದು ಹೊಸದಲ್ಲ. ಬಿಳಿಜೋಳವನ್ನೇ ನೆಚ್ಚಿಕೊಂಡ ಬಡವರಲ್ಲಿ ಪೆಲ್ಲಾಗ್ರ ಕಂಡು, ಜೋಳದಲ್ಲಿ ಜಾಸ್ತಿ ಇರುವ ಲ್ಯೂಸಿನ್ ಎಂಬ ಅಮೈನೊ ಆಮ್ಲ ಇದಕ್ಕೆ ಕಾರಣ ಇರಬಹುದು ಎಂದು 1960ರಲ್ಲಿ ಹೈದರಾಬಾದಿನಲ್ಲಿ ಪೌಷ್ಟಿಕ ಆಹಾರದ ವಿಜ್ಞಾನಿ ಡಾ. ಸಿ. ಗೋಪಾಲನ್ ತಂಡ ಸೂಚಿಸಿತ್ತು. ಆ ಮರಿಯನ್ನು ಕೈಯಲ್ಲಿ ಹಿಡಿದಾಗ ನನಗೆ ನೆನಪಾದದ್ದು ಅದೇ.

ಮದ್ದು ದುಬಾರಿಯಲ್ಲ. ನಾಲ್ಕು ಲೀಟರ್ ಕುಡಿಯುವ ನೀರಿಗೆ 100ರಿಂದ 150 ಮಿಲಿಗ್ರಾಂ ನಯಾಸಿನ್ ಮಾತ್ರೆ ಪುಡಿ ಮಾಡಿ ಕಲಸಿದೆವು. ದಿನಾ ಹೊಸ ನೀರು. ಫೀಡಿಗೆ ಒಣ ಯೀಸ್ಟ್ ಪುಡಿ ಬೆರೆಸಿದೆವು. ಬ್ರೆಡ್ಡಿಗೆ ಹಾಕುವ ಜೀವಂತ ಯೀಸ್ಟ್ ಬೇಡ, ಹೊಟ್ಟೆ ಉಬ್ಬೀತು. ಜೊತೆಗೆ ಎಳೆ ಹುಲ್ಲು. ದಿನಕ್ಕೆರಡು ಸಲ ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು ತುಂಬಿ ಮರಿಯನ್ನು ತೇಲಿಬಿಟ್ಟೆವು. ಭಾರವಿಲ್ಲದೆ ಕಾಲು ಆಡಿಸಲಿ ಅಂತ. ಮೂರನೇ ದಿನ ಗೋಡೆಗೆ ಒರಗಿ ನಿಂತಿತು. ತಡವಾಗಿ ಗೆಣ್ಣಿನ ಹಿಂದಿನ ಸ್ನಾಯುರಜ್ಜು, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಪಟ್ಟಿ, ಜಾರಿಬಿಟ್ಟಿದ್ದರೆ ಯಾವ ವಿಟಮಿನ್ನೂ ಅದನ್ನು ಜಾಗಕ್ಕೆ ತರುತ್ತಿರಲಿಲ್ಲ.

ಕಾಲಿನ ತೊಂದರೆ ಎಲ್ಲಾ ನಯಾಸಿನ್ನಿನದೇ ಅಲ್ಲ. ಬೆರಳು ಒಳಗೆ ಮುದುರಿದರೆ ಬಿ2 ಕಡಿಮೆ. ಕೊಕ್ಕು ರಬ್ಬರಿನ ಹಾಗೆ ಬಾಗಿದರೆ ಕ್ಯಾಲ್ಸಿಯಂ, ರಂಜಕ ಇಲ್ಲವೇ ವಿಟಮಿನ್ ಡಿ ಕಡೆ ನೋಡಬೇಕು. ಪೇಪರ್ ಹಾಸಿದರೆ ಜಾರಿ ಕಾಲು ಅಗಲವಾಗುತ್ತದೆ, ಗೋಣಿತಟ್ಟು ಹಾಸಿ. ಅನುಮಾನ ಬಂದರೆ ಪಶುವೈದ್ಯರಿಗೆ ತೋರಿಸಿ.

ಶೇಂಗಾ ಹಿಂಡಿಯಲ್ಲಿ ನಯಾಸಿನ್ ಚೆನ್ನಾಗಿದೆ ಅಂತ ಹಳೇದು ಹಾಕಬೇಡಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಶೇಂಗಾ ಹಿಂಡಿ ತಿಂದು ಟರ್ಕಿ ಕೋಳಿ ಲಕ್ಷಕ್ಕೂ ಮೇಲೆ ಸತ್ತವು. ಅದರ ವಿಷ ಅಫ್ಲಾಟಾಕ್ಸಿನ್. ಬಾತುಗಳಿಗಂತೂ ಅದು ಚೂರು ಹೋದರೂ ಸಾಕು.

ಮೊನ್ನೆ ಹೋದಾಗ ಅಕ್ಕ ಹೊಸ ಮರಿಗಳ ಫೀಡಿಗೆ ಯೀಸ್ಟ್ ಕಲಸುತ್ತಿದ್ದಳು. ಹಳೇ ಮರಿ ಕಾಲುವೆ ಬದಿ ಹುಲ್ಲು ಮೇಯುತ್ತಿತ್ತು. ಎಡಗಾಲು ಒಂಚೂರು ಒಳಗೆ ತಿರುಗಿದೆ, ಅಷ್ಟೇ.