ಸವಳು ಹೊಲಕ್ಕೆ ಬೀಜ ತರುವ ಮುನ್ನ

ಸಿಂಧನೂರು ಕಡೆಯ ಭತ್ತದ ರೈತರೊಬ್ಬರು ರಾಯಚೂರಿನ ನನ್ನ ಚಿಕಿತ್ಸಾಲಯಕ್ಕೆ ಬಂದು, ಕ್ಯಾರಿಬ್ಯಾಗ್ ಬಿಚ್ಚಿ, ಎಕೋ (ಹೃದಯದ ಸ್ಕ್ಯಾನ್) ವರದಿಗಿಂತ ಮೊದಲು ಒಂದು ಬಣ್ಣದ ಕರಪತ್ರವನ್ನು ನನ್ನ ಕೈಗಿತ್ತರು. ಸೊಂಟದ ಮೂಳೆಯ ಮಜ್ಜೆಯಿಂದ ಸ್ಟೆಮ್ ಸೆಲ್, ಅಂದರೆ ಬೇರೆ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ, ತೆಗೆದು ಹೃದಯಕ್ಕೆ ಬಿಟ್ಟರೆ ಸತ್ತ ಸ್ನಾಯು ಮತ್ತೆ ಚಿಗುರುತ್ತದೆ ಎಂಬ ಭರವಸೆ ಅದರಲ್ಲಿತ್ತು. "ಒಂದೆಕರೆ ಮಾರಬೇಕಾಗ್ತದ್ರೀ ಸರ್, ಜೀವಕ್ಕಿಂತ ಹೊಲ ದೊಡ್ಡದೇನು?" ಎಂದರು. ಎಂಟು ತಿಂಗಳ ಹಿಂದೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿಕೊಂಡಿದ್ದ ಅವರ ಹೃದಯದ ಪಂಪಿಂಗ್ ಶೇ 35ಕ್ಕೆ ಇಳಿದಿತ್ತು. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ 10.8ಕ್ಕೆ ಏರಿತ್ತು. ಅದನ್ನು ತೋರಿಸಿದರೆ, "ಶುಗರ್ ನಿನ್ನೆ ನಾರ್ಮಲ್ ಬಂದದ್ರೀ" ಎಂಬ ಉತ್ತರ ಸಿದ್ಧವಾಗಿತ್ತು. ವೈದ್ಯರ ಬಳಿ ಹೋಗುವ ಹಿಂದಿನ ಎರಡು ದಿನ ಅನ್ನ ಬಿಟ್ಟರೆ ಕೆಲವರಿಗೆ ಹಾಗೆ ಬರುವುದುಂಟು.

ಈ ಕರಪತ್ರ ಹಿಡಿದು ಬರುವವರು ಒಂದು ಮಾತನ್ನು ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳುವುದಿಲ್ಲವಾದ್ದರಿಂದ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ: ನಿಮ್ಮ ಮೂಳೆಯಿಂದ ತೆಗೆಯುವ ಆ ಜೀವಕೋಶ ಹೊರಗಿನಿಂದ ಬಂದ ಹೊಸ ಮಾಲಲ್ಲ. ನಿಮ್ಮ ಕಣ್ಣು, ಮೂತ್ರಪಿಂಡ, ಪಾದದ ನರಗಳು ಎಷ್ಟು ವರ್ಷ ಸಕ್ಕರೆಯಲ್ಲಿ ನೆನೆದಿವೆಯೋ ಅದೂ ಅಷ್ಟೇ ವರ್ಷ ನೆನೆದಿದೆ.

ರಕ್ತನಾಳದ ಒಳಪದರವನ್ನು ರಿಪೇರಿ ಮಾಡಬಲ್ಲ ಮೂಲಕೋಶಗಳು ರಕ್ತದಲ್ಲಿ ಸಂಚರಿಸುತ್ತವೆ ಎಂಬ ವರದಿ 1997ರಲ್ಲಿ ಬಂದಿತು. ಐದು ವರ್ಷಗಳ ನಂತರ ಮಧುಮೇಹಿಗಳ ಅಂಥ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡಿದಾಗ ಅವು ಆರೋಗ್ಯವಂತರ ಕೋಶಗಳಷ್ಟು ವೃದ್ಧಿಯಾಗಲಿಲ್ಲ, ಹೊಸ ನಾಳಗಳನ್ನು ಹೆಣೆಯುವುದರಲ್ಲೂ ಹಿಂದೆ ಬಿದ್ದವು. ಗಾಯಗೊಂಡ ಹೃದಯ ರಾಸಾಯನಿಕ ಸಂಕೇತ ಕಳಿಸಿ ಮಜ್ಜೆಯಿಂದ ಕೋಶಗಳನ್ನು ಕರೆಯುತ್ತದೆ. ಆದರೆ ದೀರ್ಘಕಾಲದ ಮಧುಮೇಹದಲ್ಲಿ ಮಜ್ಜೆಯೊಳಗಿನ ಸಣ್ಣ ನಾಳಗಳೂ ನರಗಳೂ ಕೆಟ್ಟಿರುವುದರಿಂದ ಕರೆ ಬಂದರೂ ಹೊರಡುವ ಕೋಶಗಳು ಕಡಿಮೆ. ಹೊರಟವು ತಲುಪುವ ಜಾಗದಲ್ಲೂ ಉರಿಯೂತ ಇಳಿದಿರುವುದಿಲ್ಲ, ಸಕ್ಕರೆ ಅಂಟಿದ ಪ್ರೋಟೀನುಗಳು ಅಂಗಾಂಶವನ್ನು ಗಡುಸುಗೊಳಿಸಿರುತ್ತವೆ.

ರೈತರಿಗೆ ನಾನು ಇದನ್ನು ಅವರ ಹೊಲದಿಂದಲೇ ಹೇಳುತ್ತೇನೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ವರ್ಷಗಟ್ಟಲೆ ನಿಂತು ಸವಳಾದ ಹೊಲಕ್ಕೆ ದುಬಾರಿ ಬೀಜ ತಂದು ಹಾಕುವವರುಂಟೇ? ಮೊದಲು ಬಸಿಗಾಲುವೆ ತೆಗೆದು ಉಪ್ಪು ತೊಳೆಯುತ್ತಾರೆ. ಇಲ್ಲಂತೂ ಬೀಜವನ್ನು ಆರಿಸಿಕೊಂಡಿರುವುದೇ ಅದೇ ಸವಳು ಹೊಲದಿಂದ.

ಇನ್ನು ಕರಪತ್ರದ "ಮತ್ತೆ ಚಿಗುರುತ್ತದೆ" ಎಂಬ ಮಾತು. ಇಪ್ಪತ್ತೈದರ ಹರೆಯದಲ್ಲೇ ಹೃದಯದ ಸ್ನಾಯುಕೋಶಗಳಲ್ಲಿ ವರ್ಷಕ್ಕೆ ಹೊಸದಾಗುವುದು ಸುಮಾರು ಶೇ 1 ಮಾತ್ರ, ಮುಪ್ಪಿನಲ್ಲಿ ಅದರ ಅರ್ಧಕ್ಕಿಂತ ಕಡಿಮೆ. ಹೃದಯಾಘಾತದ ಜಾಗ ಕೆಲವು ವಾರಗಳಲ್ಲಿ ಕಲೆಗಟ್ಟುತ್ತದೆ. ಸ್ಟೆಂಟ್ ನಾಳವನ್ನು ತೆರೆಯುತ್ತದೆಯೇ ಹೊರತು ಆ ಕಲೆಯನ್ನು ಅಳಿಸುವುದಿಲ್ಲ. ಹೃದಯದಲ್ಲೇ ಸ್ನಾಯು ಬೆಳೆಸುವ ಮೂಲಕೋಶಗಳಿವೆ ಎಂದು ಸಾರಿದ್ದ ಒಂದು ಪ್ರಯೋಗಾಲಯದ 31 ಪ್ರಬಂಧಗಳನ್ನು ಹಿಂಪಡೆಯಬೇಕೆಂದು 2018ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯೇ ಶಿಫಾರಸು ಮಾಡಿತು. ನಮ್ಮಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ, ರಕ್ತದ ಕೆಲವು ಕಾಯಿಲೆಗಳಂಥ ಅಂಗೀಕೃತ ಬಳಕೆಗಳನ್ನು ಬಿಟ್ಟರೆ ಸ್ಟೆಮ್ ಸೆಲ್ ಬಳಸಬಹುದಾದದ್ದು ಅನುಮತಿ ಪಡೆದ ಪ್ರಯೋಗಗಳಲ್ಲಿ ಮಾತ್ರ, ಮತ್ತು ಪ್ರಯೋಗಕ್ಕೆ ರೋಗಿಯಿಂದ ಹಣ ಪಡೆಯುವಂತಿಲ್ಲ. ಒಂದೆಕರೆಯ ಬೆಲೆ ಕೇಳುತ್ತಿದ್ದಾರೆಂದರೆ ಅಲ್ಲಿಯೇ ಅನುಮಾನ ಬರಬೇಕಿತ್ತು.

ಸಂಶೋಧನೆಯೇ ವ್ಯರ್ಥ ಎಂದು ನಾನು ಹೇಳುತ್ತಿಲ್ಲ. ಮುಂದೊಂದು ದಿನ ಅದು ಫಲಿಸಲೂಬಹುದು. ಹಾಗೆಯೇ ಈಗ ಸಕ್ಕರೆ ಇಳಿಸಿದರೆ ಹಿಂದಿನ ಹಾನಿಯೆಲ್ಲ ಮಾಯವಾಗುತ್ತದೆ ಎಂದೂ ಹೇಳಲಾರೆ, ಏಕೆಂದರೆ ಹಳೆಯ ಸಕ್ಕರೆಯ ಪರಿಣಾಮ ಜೀವಕೋಶಗಳಲ್ಲಿ ಬಹುಕಾಲ ಉಳಿಯುತ್ತದೆ. ಬ್ರಿಟನ್ನಿನಲ್ಲಿ ಹೊಸ ಮಧುಮೇಹಿಗಳ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ, ಆರಂಭದಿಂದಲೇ ಬಿಗಿಯಾಗಿ ಸಕ್ಕರೆ ಹಿಡಿದವರಿಗೆ, ಅಧ್ಯಯನ ಮುಗಿದು ಹತ್ತು ವರ್ಷಗಳಾದ ಮೇಲೂ ಹೃದಯಾಘಾತ ಕಡಿಮೆಯಾಗಿದ್ದುದು 2008ರಲ್ಲಿ ಪ್ರಕಟವಾಯಿತು. ಆದರೆ ವಯಸ್ಸಾದವರಲ್ಲಿ, ಹೃದಯ ದುರ್ಬಲವಾದವರಲ್ಲಿ ಸಕ್ಕರೆ ತೀರಾ ಇಳಿಯುವುದೂ ಅಪಾಯವೇ. ಆದ್ದರಿಂದ ಯಾರಿಗೆ ಎಷ್ಟು ಎಂಬುದನ್ನು ನೋಡುತ್ತಿರುವ ವೈದ್ಯರೇ ಹೇಳಬೇಕು; ಇದನ್ನು ಓದಿ ಮಾತ್ರೆ ಹೆಚ್ಚಿಸಿಕೊಳ್ಳಬೇಡಿ.

ಆ ರೈತರು ಅಂದು ಮುಖ ಸಪ್ಪೆ ಮಾಡಿಕೊಂಡು ಹೋದರು. ಮೂರು ತಿಂಗಳ ನಂತರ ಬಂದಾಗ ಎಚ್‌ಬಿಎ1ಸಿ 8.1 ಇತ್ತು, ಪಂಪಿಂಗ್ 38. ಈ ಮೂರರ ಏರಿಕೆ ಎಕೋ ಅಳತೆಯ ವ್ಯತ್ಯಾಸವೂ ಇರಬಹುದೆಂದು ಅವರಿಗೆ ಹೇಳಿಬಿಟ್ಟೆ. ಮನೆಯಲ್ಲಿ ನೋಡಿಕೊಂಡ ಸಕ್ಕರೆಯ ಲೆಕ್ಕ ಕೇಳಿದೆ. ಅದೇ ಕರಪತ್ರವನ್ನು ತೆಗೆದು ತಿರುಗಿಸಿ ಮೇಜಿನ ಮೇಲಿಟ್ಟರು. ಹಿಂದಿನ ಖಾಲಿ ಜಾಗದಲ್ಲಿ ಮಗಳ ಅಕ್ಷರದಲ್ಲಿ ದಿನಾಂಕವಾರು ಅಂಕಿಗಳಿದ್ದವು, ಅಂಬಾಮಠದ ಜಾತ್ರೆಯ ನಾಲ್ಕು ದಿನಗಳದ್ದು ಮಾತ್ರ ಇರಲಿಲ್ಲ.