ಎತ್ತಿದ ಕಸದ ತೂಕ ನಗರಸಭೆಯ ಸಾಧನೆಯಲ್ಲ

ನಗರಸಭೆಯ ಸಾಮಾನ್ಯ ಸಭೆಯಲ್ಲಿ ಕಸ ವಿಲೇವಾರಿಯ ವಿಷಯ ಬಂದರೆ ದಿನಕ್ಕೆ ಎಷ್ಟು ಟನ್ ಕಸ ಎತ್ತಲಾಯಿತು, ಎಷ್ಟು ಆಟೊ ಟಿಪ್ಪರ್ ಖರೀದಿಸಲಾಯಿತು ಎಂಬ ಲೆಕ್ಕವನ್ನು ಓದಲಾಗುತ್ತದೆ. ರಸ್ತೆಯ ವಿಷಯ ಬಂದರೆ ಎಷ್ಟು ಕಿಲೋಮೀಟರ್ ಡಾಂಬರು ಬಿತ್ತೆಂಬುದನ್ನು ಹೇಳಲಾಗುತ್ತದೆ. ಪರಿಸರ ಎಂಜಿನಿಯರ್ ಆಗಿ ಇಂಥ ಲೆಕ್ಕಗಳನ್ನು ಸಿದ್ಧಪಡಿಸುವ ಕೆಲಸದಲ್ಲಿಯೇ ಬಹುಕಾಲ ಇದ್ದ ನನ್ನ ಅಭಿಪ್ರಾಯದಲ್ಲಿ ಇವು ಖರ್ಚಿನ ಲೆಕ್ಕಗಳೇ ಹೊರತು ಜನರಿಗೆ ದೊರೆತ ಸೇವೆಯ ಲೆಕ್ಕಗಳಲ್ಲ.

ಮನೆಯಲ್ಲೇ ಕಸ ಬೇರ್ಪಡಿಸಬೇಕೆಂದು ಹೈಕೋರ್ಟ್ 2012ರಲ್ಲಿಯೇ ಬೆಂಗಳೂರಿಗೆ ಆದೇಶಿಸಿತ್ತು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹಸಿ, ಒಣ ಮತ್ತು ಅಪಾಯಕಾರಿ ಕಸವನ್ನು ಪ್ರತ್ಯೇಕವಾಗಿ ಕೊಡುವುದನ್ನು ದೇಶಕ್ಕೆಲ್ಲ ಕಡ್ಡಾಯ ಮಾಡಿದವು. ನಮ್ಮ ಊರುಗಳ ಮನೆಕಸದಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ಹಸಿ ಕಸ. ಅದು ಬೇರೆಯಾಗಿ ಬಂದರೆ ಒಳ್ಳೆಯ ಗೊಬ್ಬರವಾಗುತ್ತದೆ. ಬೆರೆತು ಬಂದರೆ ಗೊಬ್ಬರದಲ್ಲಿ ಗಾಜಿನ ಚೂರು, ಪ್ಲಾಸ್ಟಿಕ್ ಉಳಿದು ರೈತರು ಅದನ್ನು ಮುಟ್ಟುವುದಿಲ್ಲ. ಆದರೆ ಗುತ್ತಿಗೆದಾರರಿಗೆ ತೂಕದ ಮೇಲೆ ಬಿಲ್ ಪಾವತಿಸುವ ಕಡೆ ಕಸ ಬೇರ್ಪಡಿಸುವುದರಿಂದ ಅವರಿಗೆ ಯಾವ ಲಾಭವೂ ಇಲ್ಲ. ಮಣ್ಣು, ಕಟ್ಟಡದ ಅವಶೇಷ, ಮಳೆಗೆ ನೆನೆದ ಕಸ ಎಲ್ಲವೂ ತೂಕಕ್ಕೆ ಸೇರುತ್ತವೆ. ಹೀಗಾಗಿ ಕಡತದಲ್ಲಿ ಟನ್ನುಗಳು ಏರುತ್ತಿದ್ದರೆ ಅದು ವೈಫಲ್ಯದ ಗುರುತೂ ಆಗಿರಬಹುದು. ಬೆಂಗಳೂರಿನ ಹೊರಗಿನ ಮಂಡೂರಿನ ಜನರ ಪ್ರತಿಭಟನೆಯಿಂದ 2014ರಲ್ಲಿ ಅಲ್ಲಿಗೆ ಬೆಂಗಳೂರಿನ ಕಸ ಹೋಗುವುದು ನಿಂತದ್ದು, 2019ರ ಆಗಸ್ಟ್‌ನಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಮಳೆಗೆ ಕುಸಿದು ಪಕ್ಕದ ಮಂದಾರ ಪ್ರದೇಶದ ಮನೆ, ತೋಟಗಳತ್ತ ಹರಿದದ್ದು ಬೆರೆತ ಕಸವನ್ನು ವರ್ಷಗಟ್ಟಲೆ ಸುರಿದುದರ ಪರಿಣಾಮ. ಕಸ ಸಂಸ್ಕರಿಸುವ ಘಟಕದೊಳಗೆ ಹೋದ ತೂಕಕ್ಕಿಂತ, ಅಲ್ಲಿಂದ ಗೊಬ್ಬರವಾಗಿ ಮತ್ತು ಮರುಬಳಕೆಯ ವಸ್ತುವಾಗಿ ಹೊರಬಂದ ತೂಕವೇ ನಿಜವಾದ ಅಳತೆ.

ರಸ್ತೆ ಸುರಕ್ಷತೆ ಇದರಿಂದ ದೂರದ ವಿಷಯವಲ್ಲ. ಬೀದಿಯ ತಿರುವಿನಲ್ಲಿ ಉಳಿದ ಕಸ ಮೊದಲು ಸೇರುವುದು ಚರಂಡಿಯನ್ನು. ಚರಂಡಿ ಕಟ್ಟಿಕೊಂಡರೆ ಮಳೆನೀರು ರಸ್ತೆಯ ಮೇಲೆ ನಿಲ್ಲುತ್ತದೆ, ನಿಂತ ನೀರಿನಿಂದ ಜಲ್ಲಿಗೂ ಡಾಂಬರಿಗೂ ಇರುವ ಹಿಡಿತ ಸಡಿಲವಾಗಿ ಗುಂಡಿ ಬೀಳುತ್ತದೆ. ಕಸವನ್ನು ಒತ್ತಿ ತುಂಬಿ ಸಾಗಿಸುವ ಕಾಂಪ್ಯಾಕ್ಟರ್ ಲಾರಿಯಿಂದ ದಾರಿಯುದ್ದಕ್ಕೂ ಸೋರುವ ಕೊಳಕು ನೀರು ದ್ವಿಚಕ್ರ ವಾಹನಗಳನ್ನು ಜಾರಿಸುತ್ತದೆ. ಪಾದಚಾರಿ ಮಾರ್ಗದ ಮೇಲಿನ ಕಸದ ಗುಡ್ಡೆ ನಡೆಯುವವರನ್ನು ವಾಹನಗಳ ನಡುವೆ ಇಳಿಸುತ್ತದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ ಸುಮಾರು ಶೇ 44ರಷ್ಟು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು, ಶೇ 20ರ ಹತ್ತಿರ ಪಾದಚಾರಿಗಳು. ಅದೇ ವರ್ಷದ ಮಾರ್ಚ್‌ನಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಪಾದಚಾರಿ ಸುರಂಗಮಾರ್ಗದಲ್ಲಿ ಮಳೆನೀರು ನಿಂತಿದ್ದರಿಂದ ಮೇಲಿನ ರಸ್ತೆಯನ್ನೇ ದಾಟುತ್ತಿದ್ದ ಶಾಲಾ ಬಾಲಕಿಯೊಬ್ಬಳು ಕಸದ ಲಾರಿಗೆ ಸಿಕ್ಕಿ ಪ್ರಾಣ ಕಳೆದುಕೊಂಡಳು. ಆ ಸಾವನ್ನು ಚಾಲಕನ ತಪ್ಪೆಂದಷ್ಟೇ ಬರೆದುಕೊಂಡರೆ ನೀರು ಏಕೆ ನಿಂತಿತೆಂಬ ಪ್ರಶ್ನೆಯನ್ನು ಯಾರೂ ಕೇಳಿದಂತಾಗುವುದಿಲ್ಲ.

ಕೇಳದಿರಲು ಆಡಳಿತದ ಹಂಚಿಕೆಯೂ ಕಾರಣ. ಕಸ ಒಂದು ಶಾಖೆಯದು, ರಸ್ತೆ ಮತ್ತು ಚರಂಡಿ ಇನ್ನೊಂದು ಶಾಖೆಯದು, ಅಪಘಾತದ ದಾಖಲೆ ಪೊಲೀಸರದು. ಹೆದ್ದಾರಿಯ 500 ಮೀಟರ್ ಉದ್ದದಲ್ಲಿ ಮೂರು ವರ್ಷಗಳೊಳಗೆ ಸಾವು ಅಥವಾ ತೀವ್ರ ಗಾಯದ ಐದು ಅಪಘಾತ, ಇಲ್ಲವೇ ಹತ್ತು ಸಾವು ಸಂಭವಿಸಿದರೆ ಅದನ್ನು ಅಪಘಾತ ವಲಯವೆಂದು ಗುರುತಿಸುತ್ತಾರೆ. ಈ ಮಾನದಂಡ ರೂಪುಗೊಂಡಿದ್ದು ರಾಷ್ಟ್ರೀಯ ಹೆದ್ದಾರಿಗಳಿಗೆ. ಬಡಾವಣೆಯ ಅಡ್ಡರಸ್ತೆಯಲ್ಲಿ ಗುಂಡಿಗೆ ಬಿದ್ದು ಕಾಲು ಮುರಿದುಕೊಂಡವರು ಯಾವ ಪಟ್ಟಿಗೂ ಬರುವುದಿಲ್ಲ. ರಸ್ತೆಯ ವಿನ್ಯಾಸ, ನಿರ್ವಹಣೆಯ ಲೋಪದಿಂದ ಸಾವು ಅಥವಾ ಅಂಗವೈಕಲ್ಯವಾದರೆ ಹೊಣೆಗಾರ ಪ್ರಾಧಿಕಾರಕ್ಕೆ, ಗುತ್ತಿಗೆದಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ 198ಎ ಕಲಂ ಸೇರಿದೆ. ಅದು ಬಳಕೆಗೆ ಬರಬೇಕಾದರೂ ಅಪಘಾತದ ಜಾಗಕ್ಕೂ ಲೋಪಕ್ಕೂ ಇರುವ ಸಂಬಂಧ ದಾಖಲೆಯಲ್ಲಿ ಕಾಣಬೇಕು.

ಆದ್ದರಿಂದ ಪ್ರತಿ ವಾರ್ಡಿಗೂ ಒಂದೇ ನಕ್ಷೆ ಇರಬೇಕೆಂದು ನಾನು ಒತ್ತಾಯಿಸುತ್ತೇನೆ. ಕಸ ಗುಡ್ಡೆ ಬೀಳುವ ಜಾಗ, ನೀರು ನಿಲ್ಲುವ ಜಾಗ, ದೀಪ ಉರಿಯದ ಕಂಬ ಮತ್ತು ಠಾಣೆಯ ದಾಖಲೆಯಲ್ಲಿರುವ ಅಪಘಾತದ ಸ್ಥಳ ಅದರಲ್ಲಿ ಒಟ್ಟಿಗೆ ಕಾಣಬೇಕು. 2016ರ ನಿಯಮಗಳಡಿ ಸ್ಥಳೀಯ ಸಂಸ್ಥೆಗಳು ವಾರ್ಷಿಕ ವರದಿ ಸಲ್ಲಿಸಲು ನಿಗದಿಯಾಗಿದ್ದ ದಿನ ಜೂನ್ 30 ಆಗಿತ್ತು. ಅಂಥ ವರದಿಯ ಜೊತೆಗೆ ಈ ನಕ್ಷೆಯನ್ನೂ, ಘಟಕದಿಂದ ಹೊರಬಂದ ಗೊಬ್ಬರದ ತೂಕವನ್ನೂ ಸಾಮಾನ್ಯ ಸಭೆಯ ಮುಂದಿಡುವಂತೆ ನಿವಾಸಿಗಳು ತಮ್ಮ ವಾರ್ಡಿನ ಸದಸ್ಯರಿಗೆ ಲಿಖಿತ ಮನವಿ ಕೊಡಬಹುದು.